ಎಫ್ ಒನ್ ಮೇಲಿನ ವಿಭೂತಿ

...ಇಲ್ಲ, ಅವತ್ತು ಮಳೆ ಬಂದಿರಲಿಕ್ಕಿಲ್ಲ. ಬಂದಿತ್ತು ಅಂತಲೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗ ಕೊಡೆ, ಒದ್ದೆ ಚಪ್ಪಲಿ, ಲ್ಯಾಬಿನ ಬಾಗಿಲಿಗೆ ಹಾಸಿದ್ದ ಗೋಣಿಚೀಲ ಎಲ್ಲವನ್ನೂ ಸೇರಿಸಿದ್ದೇನೆ. ಆದರೆ ಆಯುಧಪೂಜೆಯ ದಿನ ಮಳೆ ಬಂದಿದ್ದರೆ ರಸ್ತೆಯಲ್ಲಿ ಒಡೆದ ಬೂದುಗುಂಬಳದ ಕುಂಕುಮ ತೊಳೆದುಹೋಗಬೇಕಿತ್ತು. ಅದು ಎರಡು ದಿನ ಬಿಟ್ಟು ಕೆಲಸಕ್ಕೆ ಹೋದಾಗಲೂ ಕೆಂಪಗೆ ಅಂಟಿಕೊಂಡಿತ್ತು, ಅದರ ಮೇಲೆ ನನ್ನ ಸ್ಕೂಟರಿನ ಹಿಂದಿನ ಚಕ್ರ ಜಾರಿತ್ತು, ಮೊಣಕೈ ತರಚಿದ ಗುರುತು ಈಗಲೂ ಇದೆ. ಮಳೆಯ ಗುರುತು ಎಲ್ಲೂ ಇಲ್ಲ. ಹಾಗಾದರೆ ಮಳೆಯನ್ನು ಯಾರು ತಂದು ಸೇರಿಸಿದರು? ನಾನೇ ಇರಬೇಕು. ಹಾಗೆ ಇನ್ನೇನೇನು ಸೇರಿಸಿದ್ದೇನೆ ಅನ್ನುವುದೇ ನನ್ನ ಅನುಮಾನ.

ಈ ಸಲ ಹಬ್ಬ ಮುಗಿದ ವಾರ ಹರಿಹರಕ್ಕೆ ಹೋಗಿದ್ದೆ. ಸಕ್ಕರೆ ಪರೀಕ್ಷೆ ಮಾಡಿಸುವುದಿತ್ತು, ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ಲ್ಯಾಬಿಗೆ ಹೋಗಿ ತೋಳು ಚಾಚಿ ಕೂತೆ. ಸ್ಪಿರಿಟ್ ಅದ್ದಿದ ಹತ್ತಿಯನ್ನು ಹುಡುಗಿ ತೋಳಿಗೆ ಉಜ್ಜಿದಳು. ಅದೇ ಹೊತ್ತಿಗೆ ಬಾಗಿಲ ಹೊರಗಿನಿಂದ ಕೊಳೆಯುತ್ತಿದ್ದ ಬೂದುಗುಂಬಳದ ವಾಸನೆ ಬಂತು. ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಚಾಚಿದ ತೋಳನ್ನು ಹಿಂದಕ್ಕೆ ಎಳೆದುಕೊಂಡೆ. "ಹೆದರಬ್ಯಾಡ್ರಿ, ಇರುವೆ ಕಚ್ಚಿದಂಗೆ ಅಷ್ಟೆ" ಅಂದಳು ಹುಡುಗಿ. ಸೂಜಿಗೆ ಹೆದರಿದ್ದಲ್ಲ ಅಂತ ಅವಳಿಗೆ ಹೇಳಲಿಲ್ಲ.

ಆ ವರ್ಷ ನಾನು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿದ್ದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸಕ್ಕಿದ್ದೆ. ಮನೆ ನಿಟ್ಟುವಳ್ಳಿಯಲ್ಲಿ. ನೆರೆಯವರಿಗೆ ನನ್ನ ಕೆಲಸ ವಿವರಿಸಿ ಸಾಕಾಗಿ, "ಲೆಕ್ಕವಿಲ್ಲದಷ್ಟು ಪಟ್ಟಿ ಇರ್ತವೆ, ಅವು ಒಂದಕ್ಕೊಂದು ತಪ್ಪದಂಗೆ ನೋಡ್ಕೋತೀನಿ" ಅನ್ನುತ್ತಿದ್ದೆ. ಸುಳ್ಳಲ್ಲ. ರೋಗಿಯ ಹೆಸರು ಒಂದು ಪಟ್ಟಿಯಲ್ಲಿ, ಸ್ಯಾಂಪಲ್ಲಿನ ನಂಬರು ಇನ್ನೊಂದರಲ್ಲಿ, ಫಲಿತಾಂಶ ಮತ್ತೊಂದರಲ್ಲಿ. ನಂಬರು ಹಿಡಿದುಕೊಂಡು ಒಂದರಿಂದ ಒಂದಕ್ಕೆ ಹೋಗಬೇಕು. ಬೆಳಗ್ಗೆ ಹತ್ತರ ಹೊತ್ತಿಗೆ ಎಲ್ಲರೂ ಒಟ್ಟಿಗೆ ಫಲಿತಾಂಶ ತುಂಬುವಾಗ ಸರ್ವರ್ ನಿಂತುಬಿಡುತ್ತಿತ್ತು. ಇವರ ಕೈಯ ಹಾಳೆ ಬಿಡಲಿ ಅಂತ ಅವರು, ಅವರದ್ದು ಬಿಡಲಿ ಅಂತ ಇವರು ಕಾಯುತ್ತಿದ್ದರು. ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಅಂತ ಹುಡುಕಿ ಒಬ್ಬರನ್ನು ಬಿಡಿಸುವುದು ನನ್ನ ದಿನದ ಮೊದಲ ಕೆಲಸ. ಎರಡನೆಯದು ಡಿಸ್ಕ್ ತುಂಬದಂತೆ ನೋಡಿಕೊಳ್ಳುವುದು. ಸರ್ವರ್ ತಾನು ಯಾವಾಗ ಎದ್ದೆ, ಯಾವಾಗ ಮಲಗಿದೆ, ಯಾವ ಕಂಪ್ಯೂಟರಿನಿಂದ ಯಾರು ಬಂದರು ಅಂತ ದಿನಚರಿ ಬರೆದುಕೊಳ್ಳುತ್ತಿತ್ತು. ಅದು ಬೆಳೆದು ಬೆಳೆದು ಒಮ್ಮೆ ಡಿಸ್ಕನ್ನೇ ನುಂಗಿತ್ತು. ಆಮೇಲೆ ಏಳು ದಿನಕ್ಕಿಂತ ಹಳೆಯ ದಿನಚರಿ ತಾನಾಗಿ ಅಳಿಸಿಹೋಗುವಂತೆ ನಾನೇ ಮಾಡಿಟ್ಟೆ. ಆಗ ಅದು ಜಾಣತನ ಅನಿಸಿತ್ತು.

ಲ್ಯಾಬು ಮೊದಲು ಯಾರದೋ ಮನೆಯಾಗಿತ್ತು. ಸರ್ವರ್ ಇದ್ದದ್ದು ಅಡುಗೆಮನೆಯಲ್ಲಿ. ಕಡಪಾ ಕಲ್ಲಿನ ಕಟ್ಟೆ, ನಲ್ಲಿ ತೆಗೆದ ಸಿಂಕು ಹಾಗೇ ಇದ್ದವು. ಎ.ಸಿ. ಇದ್ದದ್ದು ಅಲ್ಲಿ ಮಾತ್ರ, ಹಾಗಾಗಿ ಮಧ್ಯಾಹ್ನದ ಊಟಕ್ಕೆ ನಾನೂ ಯಶೋದಾಳೂ ಅಲ್ಲೇ ಕೂರುತ್ತಿದ್ದೆವು. ಯಶೋದಾ ಹರಿಹರದ ನಮ್ಮ ಶಾಖೆಯ ಟೆಕ್ನಿಷಿಯನ್. ಮಲೆಬೆನ್ನೂರಿನವಳು, ಆಗ ಮೂವತ್ತರ ಆಸುಪಾಸು. ವಾರಕ್ಕೆರಡು ಸಲ ಐಸ್ ಡಬ್ಬಿಯಲ್ಲಿ ಸ್ಯಾಂಪಲ್ ಇಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು.

"ಉಮಕ್ಕ, ನಿಮ್ ಸರ್ವರಿಗೆ ದೃಷ್ಟಿ ತೆಗೀಬೇಕು ನೋಡ್ರಿ" ಅನ್ನುತ್ತಿದ್ದಳು ರೊಟ್ಟಿ ಮುರಿಯುತ್ತ. "ಹತ್ತು ಗಂಟೆ ಆತಂದ್ರೆ ಸರಿಯಾಗಿ ಕೈ ಕೊಡ್ತೈತೆ."

"ನಿನ್ನ ಶೇಂಗಾ ಚಟ್ನಿ ವಾಸನೆಗೆ ಹಸಿವಾಗ್ತದೆ ಅದಕ್ಕೆ" ಅನ್ನುತ್ತಿದ್ದೆ ನಾನು.

ಹೀಗೆ ಅಂದದ್ದು ಒಂದು ಸಲವೋ, ದಿನಾ ಅನ್ನುತ್ತಿದ್ದೆವೋ? ದಿನಾ ಅಂತ ಬರೆದುಬಿಡುವುದು ಸುಲಭ. ಅವಳ ಜೊತೆ ನಾನು ಚೆನ್ನಾಗಿದ್ದೆ ಅಂತ ಆಗುತ್ತದೆ.

ಮ್ಯಾನೇಜರ್ ರುದ್ರೇಶಪ್ಪ ಐವತ್ತು ದಾಟಿದವರು, ಹಣೆಯ ಮೇಲೆ ಮೂರು ಪಟ್ಟಿ ವಿಭೂತಿ ಎಂದೂ ತಪ್ಪಿದವರಲ್ಲ. ಆಯುಧಪೂಜೆ ಅಂದರೆ ಅವರಿಗೆ ಕಟ್ಟುನಿಟ್ಟು. ಪೂಜೆಗೆ ಇಟ್ಟ ಯಂತ್ರವನ್ನು ಮಾರನೇ ದಿನ ಬೆಳಗ್ಗೆ ಮರುಪೂಜೆ ಆಗುವತನಕ ಯಾರೂ ಮುಟ್ಟುವಂತಿರಲಿಲ್ಲ. ಮೈಕ್ರೋಸ್ಕೋಪು, ರಕ್ತ ತಿರುಗಿಸುವ ಯಂತ್ರ, ಪ್ರಿಂಟರು, ಫ್ರಿಜ್ಜೊಂದನ್ನು ಬಿಟ್ಟು ಎಲ್ಲವೂ ಬಂದ್ ಆಗಬೇಕು. ಆ ವರ್ಷ ಸರ್ವರಿನ ಸರದಿಯೂ ಬಂತು.

"ಅದನ್ನ ಆರಿಸೋದು ಬ್ಯಾಡ್ರಿ ರುದ್ರೇಶಪ್ಪನವ್ರೇ" ಅಂದೆ.

"ವರ್ಷಪೂರ್ತಿ ದುಡಿತೈತೆ ಪಾಪ. ಇವತ್ತೊಂದಿನ ಮಲ್ಕೊಳ್ಳಿ ಬಿಡ್ರಿ ಮೇಡಂ. ಒಂದು ನಿಂಬೆಹಣ್ಣು ತಿಂದು ಮಲಗ್ಲಿ."

ನಾನು ಡೇಟಾಬೇಸನ್ನು ಕ್ರಮವಾಗಿ ನಿಲ್ಲಿಸಿ, ಸರ್ವರನ್ನು ಆರಿಸಿ, ಯುಪಿಎಸ್ಸನ್ನೂ ಆರಿಸಿದೆ. ಕ್ರಮವಾಗಿ ಅನ್ನುವುದರ ಬಗ್ಗೆ ಆಣೆ ಮಾಡಲಾರೆ, ಹಿಂದೆ ನಿಂತು ಅವರು ಅವಸರ ಮಾಡುತ್ತಿದ್ದರು. ಕಪ್ಪು ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ, ಕೀಬೋರ್ಡಿನ ಅಂಚಿಗೆ ಒಂದು ಕುಂಕುಮದ ಬೊಟ್ಟು, ಮೇಲೆ ಒಂದೆಳೆ ಸೇವಂತಿಗೆ. ಅಡುಗೆಮನೆಗೆ ಬೀಗ ಬಿತ್ತು. ಕೀಲಿ ರುದ್ರೇಶಪ್ಪನವರ ಜೇಬಿಗೆ.

ಹೊರಗೆ ಕುಂಬಳಕಾಯಿ ಒಡೆದು ಎಲ್ಲರೂ ಮಂಡಕ್ಕಿ, ಬಾಳೆಹಣ್ಣು ತಗೊಂಡು ಹೊರಟಾಗ, ಹರಿಹರದಿಂದ ಪೂಜೆಗೆ ಬಂದಿದ್ದ ಯಶೋದಾ ತಿರುಗಿ ಬಂದಳು. ಅವಳ ಬುತ್ತಿ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೇ ಉಳಿದಿತ್ತು. ರುದ್ರೇಶಪ್ಪ ಗೊಣಗುತ್ತ ಕೀಲಿ ಕೊಟ್ಟರು. "ಡಬ್ಬಿ ಒಂದ್ ಮುಟ್ಟವ್ವ, ಬ್ಯಾರೆ ಏನೂ ಮುಟ್ಟಬ್ಯಾಡ." ಅವಳು ಒಳಗೆ ಹೋದದ್ದನ್ನು ನಾನು ನೋಡಿದೆ. ಹೊರಗೆ ಬಂದದ್ದನ್ನು ನೋಡಲಿಲ್ಲ, ಸ್ಕೂಟರ್ ತೆಗೆದುಕೊಂಡು ಹೊರಟುಹೋಗಿದ್ದೆ.

ವಿಜಯದಶಮಿಯ ದಿನ ನನಗೆ ರಜೆ. ಹರಿಹರದ ಶಾಖೆಯೂ ಮುಚ್ಚಿತ್ತು. ದಾವಣಗೆರೆಯ ಲ್ಯಾಬು ಮಾತ್ರ ತುರ್ತಿಗೆ ಅಂತ ಅರ್ಧ ದಿನ ತೆರೆಯಿತು.

ಆಯುಧಪೂಜೆಯಾಗಿ ಆರನೇ ದಿನ, ಬಿಸಿಲು ಸುಡುತ್ತಿದ್ದ ಒಂದು ಬೆಳಗ್ಗೆ, ಒಂದು ಹೆರಿಗೆ ಆಸ್ಪತ್ರೆಯಿಂದ ನಮ್ಮ ಡಾಕ್ಟ್ರಿಗೆ ಫೋನ್ ಬಂತು. ಲ್ಯಾಬು ಅವರದೇ. ಹರಿಹರದ ಕಡೆಯ ಒಬ್ಬ ಬಸುರಿಯ ರಕ್ತದ ಗುಂಪು ಬಿ ಪಾಸಿಟಿವ್ ಅಂತ ನಾವು ಛಾಪಿಸಿ ಕೊಟ್ಟಿದ್ದೆವು. ಆಸ್ಪತ್ರೆಯವರು ತಾವೇ ಇನ್ನೊಮ್ಮೆ ನೋಡಿದರೆ ಬಿ ನೆಗೆಟಿವ್. ಅವರು ನೋಡಿದ್ದಕ್ಕೆ ಸರಿಹೋಯಿತು. ನೋಡದೆ ನಮ್ಮ ಹಾಳೆ ನಂಬಿದ್ದರೆ ಆಕೆಗೆ ಕೊಡಬೇಕಾದ ಇಂಜೆಕ್ಷನ್ ತಪ್ಪುತ್ತಿತ್ತು, ಮುಂದಿನ ಬಸುರಿಗೆ ಅದು ಕಂಟಕ. ಡಾಕ್ಟ್ರು ಕಂಪ್ಯೂಟರಿನಲ್ಲಿ ತೆಗೆದು ನೋಡಿದರೆ ಅಲ್ಲಿ ನೆಗೆಟಿವ್ ಅಂತಲೇ ಇದೆ. ಅಂದರೆ ಹಾಳೆ ಛಾಪಿಸಿ ಕೊಟ್ಟ ಮೇಲೆ ಯಾರೋ ತಪ್ಪನ್ನು ಕಂಡುಹಿಡಿದು, ಯಾರಿಗೂ ಹೇಳದೆ, ಹಾಳೆಯನ್ನು ವಾಪಸು ತರಿಸದೆ, ಒಳಗಿಂದೊಳಗೇ ತಿದ್ದಿ ಸುಮ್ಮನಾಗಿದ್ದಾರೆ. ತಪ್ಪು ಯಾರಿಂದಲಾದರೂ ಆಗುತ್ತದೆ, ಸುಮ್ಮನಾದದ್ದನ್ನು ಕ್ಷಮಿಸುವುದಿಲ್ಲ ಅಂದರು ಡಾಕ್ಟ್ರು.

ಅವರು ನನ್ನನ್ನು ಕರೆದರು. "ಉಮಾ ಅವರೇ, ಯಾರು, ಯಾವಾಗ. ಅಷ್ಟು ಹೇಳಿ."

ತಿದ್ದುಪಡಿಗಳನ್ನು ಬರೆದಿಡುವ ಒಂದು ಪಟ್ಟಿಯನ್ನು ನಾನೇ ಮಾಡಿದ್ದೆ. ತೆಗೆದು ನೋಡಿದೆ. ‘ಹರಿಹರ’ ಅನ್ನುವ ಹೆಸರಿನಿಂದ ಒಳಗೆ ಬಂದವರು ತಿದ್ದಿದ್ದು. ದಿನ ಆಯುಧಪೂಜೆ. ಹೊತ್ತು ಹನ್ನೊಂದು ಐವತ್ತೆರಡು. ಆ ಹೊತ್ತಿಗೆ ಸರ್ವರ್ ವಿಭೂತಿ ಬಳಿದುಕೊಂಡು ಆರಿ ಮಲಗಿರಬೇಕಿತ್ತಲ್ಲ ಅಂತ ದಿನಚರಿ ತೆಗೆದೆ. ಹನ್ನೊಂದು ಇಪ್ಪತ್ತೆಂಟಕ್ಕೆ ನಿಂತಿದೆ. ಹನ್ನೊಂದು ಮೂವತ್ತೊಂದಕ್ಕೆ ಮತ್ತೆ ಎದ್ದಿದೆ. ಹನ್ನೆರಡರ ತನಕ ಅಷ್ಟಿಷ್ಟು ಓಡಾಟ. ಆಮೇಲೆ ಏನೂ ಇಲ್ಲ. ಮುಂದಿನ ಸಾಲು ಮಾರನೇ ದಿನ ಬೆಳಗ್ಗೆ ಒಂಬತ್ತೂವರೆಯದು.

ಅಂದರೆ ಪೂಜೆ ಮುಗಿದು ಬೀಗ ಬಿದ್ದ ಮೇಲೆ ಯಾರೋ ಒಳಗೆ ಹೋಗಿ ಸರ್ವರನ್ನು ಎಬ್ಬಿಸಿ, ಒಂದು ಗುಂಪನ್ನು ತಿದ್ದಿ ಹೋಗಿದ್ದಾರೆ. ಆ ಹೊತ್ತಿನಲ್ಲಿ ಕೀಲಿ ಪಡೆದವರು ಒಬ್ಬರೇ. ಒಂದು ಹಳೆಯ ರಿಪೋರ್ಟಿನ ಹಿಂದೆ ಆ ಹೊತ್ತುಗಳನ್ನು ಪೆನ್ನಿನಲ್ಲಿ ಬರೆದುಕೊಂಡೆ. ದಿನಚರಿಯಲ್ಲಿ ಯಾವ ಕಂಪ್ಯೂಟರಿನಿಂದ ಬಂದರು ಅನ್ನುವುದೂ ಇರುತ್ತಿತ್ತು. ಅದನ್ನು ಬರೆದುಕೊಳ್ಳಲಿಲ್ಲ. ಹೊತ್ತು ಸಿಕ್ಕಿದ್ದೇ ನನಗೆ ಎಲ್ಲ ಸಿಕ್ಕಿದಂತೆ ಆಗಿತ್ತು. ಆರಿದ್ದಕ್ಕೂ ಎದ್ದದ್ದಕ್ಕೂ ನಡುವಿನ ಮೂರು ನಿಮಿಷದಲ್ಲಿ ಪೂಜೆ, ಬೀಗ, ಕುಂಬಳಕಾಯಿ ಎಲ್ಲ ಹೇಗೆ ಮುಗಿದವು ಅಂತಲೂ ಕೇಳಿಕೊಳ್ಳಲಿಲ್ಲ.

ಡಾಕ್ಟ್ರ ಕೋಣೆಯಲ್ಲಿ ನಾವು ನಾಲ್ವರು ಕೂತೆವು. ಯಶೋದಾ ಹರಿಹರದಿಂದ ಬಂದಿದ್ದಳು, ಐಸ್ ಡಬ್ಬಿ ಕಾಲ ಹತ್ತಿರವೇ ಇತ್ತು.

"ಆ ಸ್ಯಾಂಪಲ್ ನಾನೇ ನೋಡಿದ್ದು ಸರ್, ಹಬ್ಬಕ್ಕೆ ಎರಡು ದಿನ ಮುಂಚೆ" ಅಂದಳು. "ಸ್ಲೈಡ್ ಮೇಲೆ ರಕ್ತ ಸರಿಯಾಗಿ ಕಾಳು ಕಟ್ಟಿರಲಿಲ್ಲ. ಪಾಸಿಟಿವ್ವೋ ನೆಗೆಟಿವ್ವೋ ಅಂತ ಅನುಮಾನ ಬಂತು. ಇಲ್ಲಿ ಇನ್ನೊಮ್ಮೆ ನೋಡ್ರಿ ಅಂತ ಡಬ್ಬಿ ಕೊಡುವಾಗ ರುದ್ರೇಶಪ್ಪಣ್ಣಗೆ ಹೇಳೀನಿ."

"ನಂಗ್ಯಾವಾಗ ಹೇಳಿದಿಯವ್ವ?" ಅಂದರು ರುದ್ರೇಶಪ್ಪ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಆಶ್ಚರ್ಯ ಅನ್ನುವ ಹಾಗಿತ್ತು.

"ಅನುಮಾನ ಇದ್ದರೆ ಪಾಸಿಟಿವ್ ಅಂತ ಯಾಕೆ ತುಂಬಿದಿ?" ಅಂತ ಡಾಕ್ಟ್ರು.

ಅವಳು ನನ್ನ ಕಡೆ ನೋಡಿದಳು. ಯಾಕೆ ಅಂತ ನನಗೆ ಗೊತ್ತಿತ್ತು. ಆ ಜಾಗದಲ್ಲಿ ಪಾಸಿಟಿವ್ ಇಲ್ಲವೇ ನೆಗೆಟಿವ್, ಎರಡೇ ತುಂಬಬಹುದು, ಖಾಲಿ ಬಿಟ್ಟರೆ ಸ್ಯಾಂಪಲ್ ಮುಂದಕ್ಕೆ ಹೋಗುವುದೇ ಇಲ್ಲ ಅಂತ ಕಟ್ಟಿದವಳು ನಾನು. ಮೊದಲು ಹರಿಹರದಲ್ಲಿ ಒಂದು ದಪ್ಪ ಪುಸ್ತಕ ಇತ್ತು, ಅದರ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ‘ಮತ್ತೆ ನೋಡಬೇಕು’ ಅಂತ ಬರೆಯುತ್ತಿದ್ದಳು. ಎಲ್ಲ ಕಂಪ್ಯೂಟರಿನಲ್ಲಿ ಇರುವಾಗ ಪುಸ್ತಕ ಬೇಡ ಅಂತ ಅದನ್ನು ನಿಲ್ಲಿಸಿದವಳೂ ನಾನೇ.

"ಡಬ್ಬಿ ತಗೊಳ್ಳೋಕೆ ಹೋದವಳು ಎಷ್ಟು ಹೊತ್ತು ಒಳಗಿದ್ದಳು?" ಡಾಕ್ಟ್ರು ಕೇಳಿದರು.

"ಐದು ನಿಮಿಷ ಇಲ್ಲ ಸರ್" ಅಂದಳು ಯಶೋದಾ.

"ಕಾಲು ಗಂಟೆ ಆಗಿರಬೇಕು" ಅಂದರು ರುದ್ರೇಶಪ್ಪ. "ಸುಳ್ಳು ಯಾಕ ಹೇಳ್ಲಿ, ಗಡಿಯಾರ ನೋಡಿಲ್ಲ. ಆದ್ರೆ ನಾನು ಬಾಳೆಹಣ್ಣು ತಿಂದು ಕೈ ತೊಳೆದು ಬಂದ್ರೂ ಅವಳು ಬಂದಿರಲಿಲ್ಲ."

"ಉಮಕ್ಕ, ನೀವಾದ್ರೂ ಹೇಳ್ರಿ" ಅಂದಳು ಅವಳು.

ನಾನು ಏನು ಹೇಳಿದೆ ಅನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ. "ದಾಖಲೆಯಲ್ಲಿ ಹಂಗೆ ಐತೆ ಯಶೋದಾ" ಅಂದೆ.

ಡಾಕ್ಟ್ರು ಅದನ್ನೇ ಬರೆದುಕೊಡಲು ಹೇಳಿದರು. "ಏನು ಕಂಡಿತೋ ಅಷ್ಟು ಬರೆಯಿರಿ. ಅಭಿಪ್ರಾಯ ಬೇಡ." ಮೂರು ಸಾಲು ಬರೆದು ಎರಡು ದಿನದ ಮೇಲೆ ಕೊಟ್ಟೆ. ಇಂಥ ಹೊತ್ತಿಗೆ ಸರ್ವರ್ ನಿಂತಿತು, ಇಂಥ ಹೊತ್ತಿಗೆ ಎದ್ದಿತು, ಇಂಥ ಹೊತ್ತಿಗೆ ‘ಹರಿಹರ’ದಿಂದ ತಿದ್ದಲಾಯಿತು. ಒಂದಕ್ಷರ ಸುಳ್ಳಿರಲಿಲ್ಲ. ಯಶೋದಾಳನ್ನು ಆ ವಾರವೇ ತೆಗೆದರು. ರಕ್ತದ ಗುಂಪನ್ನು ಕದ್ದು ತಿದ್ದಿದವಳು ಅಂತ ಹೆಸರಾದರೆ ಹರಿಹರದಲ್ಲಾಗಲಿ ದಾವಣಗೆರೆಯಲ್ಲಾಗಲಿ ಇನ್ನೊಂದು ಲ್ಯಾಬು ಸೇರಿಸಿಕೊಳ್ಳುವುದಿಲ್ಲ. ಅವಳಿಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಆ ದಿನಗಳಲ್ಲಿ ನಾನು ನಿಶ್ಚಿಂತೆಯಿಂದ ಇದ್ದೆ ಅಂತ ಅಂದುಕೊಂಡರೆ ತಪ್ಪು. ಎಲ್ಲರ ಮೇಲೂ ಅನುಮಾನ. ರುದ್ರೇಶಪ್ಪ ಒಂದು ಸಂಜೆ ಎಂದಿಲ್ಲದೆ ನನಗೂ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದರು. ಯಾಕೆ? ‘ಹರಿಹರ’ದ ಪಾಸ್‌ವರ್ಡು ದಾವಣಗೆರೆಯ ಕೌಂಟರಿನ ಫೋನಿನ ಕೆಳಗೆ ಚೀಟಿಯಲ್ಲಿ ಅಂಟಿಸಿತ್ತು. ಯಾವಾಗಿನಿಂದ? ಛಾಪಿಸಿದ ರಿಪೋರ್ಟನ್ನು ತಿದ್ದುವ ಅಧಿಕಾರ ಆ ಒಂದು ಹೆಸರಿಗೆ ಮಾತ್ರ ಇತ್ತು. ಮಳೆಗಾಲದಲ್ಲಿ ಎರಡು ದಿನ ಹರಿಹರದ ಇಂಟರ್ನೆಟ್ ಲೈನ್ ಕೆಟ್ಟು, ಫೋನಿನಲ್ಲಿ ಕೇಳಿ ಛಾಪಿಸಿದ್ದನ್ನು ತಿದ್ದಬೇಕಾಗಿ ಬಂದಾಗ ನಾನೇ ಕೊಟ್ಟಿದ್ದೆ, ವಾಪಸು ತೆಗೆಯುವುದು ಮರೆತಿದ್ದೆ. ಅದು ಗೊತ್ತಾಗಿ ದಾವಣಗೆರೆಯವರೂ ಏನಾದರೂ ತಿದ್ದಬೇಕಾದರೆ ‘ಹರಿಹರ’ ಆಗಿಬಿಡುತ್ತಿದ್ದರು. ಇದೆಲ್ಲ ನನ್ನ ಮೂರು ಸಾಲಿನಲ್ಲಿ ಇರಲಿಲ್ಲ. ಕಂಡಷ್ಟು ಬರೆಯಿರಿ ಅಂದಿದ್ದರು.

ಅದಾಗಿ ಒಂದು ತಿಂಗಳಿಗೆ, ದೀಪಾವಳಿ ಕಳೆದ ಮೇಲೆ, ಲೈನ್ ದುರಸ್ತಿ ಅಂತ ಬೆಳಗ್ಗೆಯಿಂದ ಸಂಜೆಯವರೆಗೆ ಕರೆಂಟು ತೆಗೆದರು. ಯುಪಿಎಸ್ ಹತ್ತು ಗಂಟೆಗೆಲ್ಲ ಕೈಬಿಟ್ಟಿತು. ನಾಲ್ಕಕ್ಕೆ ಕರೆಂಟು ಬಂದು ಸರ್ವರ್ ಎಬ್ಬಿಸಿದೆ. ಪರದೆ ಅರ್ಧಕ್ಕೆ ನಿಂತು, ಒಳಗಿನ ಬ್ಯಾಟರಿ ಸೋತಿದೆ, ಮುಂದುವರಿಯಲು ಎಫ್ ಒನ್ ಒತ್ತಿ ಅಂತ ಕೇಳಿತು. ಗಡಿಯಾರ ನಡೆಸಲು ಒಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಒತ್ತಿದೆ. ಡೇಟಾಬೇಸ್ ಎದ್ದಿತು. ಪರದೆಯ ಮೂಲೆಯಲ್ಲಿ ಹೊತ್ತು ನೋಡಿದೆ. ಬೆಳಗಿನ ಹತ್ತು ಗಂಟೆ ಐದು ನಿಮಿಷ.

ಕೈಗಡಿಯಾರದಲ್ಲಿ ನಾಲ್ಕೂಕಾಲು.

ಬ್ಯಾಟರಿ ಪೂರ್ತಿ ಸತ್ತಿದ್ದರೆ ದಿನಾಂಕ ಯಾವುದೋ ಹಳೆಯ ವರ್ಷಕ್ಕೆ ಹೋಗುತ್ತಿತ್ತು, ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಇದು ಅರೆಜೀವದ್ದು. ಕರೆಂಟು ಹೋದಲ್ಲಿಗೆ ಗಡಿಯಾರ ನಿಲ್ಲುತ್ತಿತ್ತು, ಬಂದಾಗ ಅಲ್ಲಿಂದಲೇ ಶುರುವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಇಂಟರ್ನೆಟ್ ಸಿಕ್ಕಿ ಸರಿಯಾದ ಹೊತ್ತಿಗೆ ಹಾರುತ್ತಿತ್ತು. ನಾನು ಆ ಕಡಪಾ ಕಟ್ಟೆಯ ಮೇಲೆ ಕೂತುಬಿಟ್ಟೆ. ಪೂಜೆಯ ದಿನ ಹನ್ನೊಂದು ಇಪ್ಪತ್ತೆಂಟಕ್ಕೆ ಆರಿದ ಸರ್ವರ್ ಹನ್ನೊಂದು ಮೂವತ್ತೊಂದಕ್ಕೆ ಎದ್ದದ್ದು ಪೂಜೆಯ ದಿನವಲ್ಲ. ಮಾರನೇ ದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ, ರುದ್ರೇಶಪ್ಪ ಮರುಪೂಜೆ ಮಾಡಿ ಎಬ್ಬಿಸಿದಾಗ. ಆಗ ಹರಿಹರ ಮುಚ್ಚಿತ್ತು. ಯಶೋದಾ ಮಲೆಬೆನ್ನೂರಿನಲ್ಲಿ ಮನೆಯಲ್ಲಿದ್ದಳು. ತಿದ್ದಿದವರು ದಾವಣಗೆರೆಯ ಲ್ಯಾಬಿನಲ್ಲಿದ್ದವರೇ ಯಾರೋ.

ಖಚಿತ ಮಾಡಿಕೊಳ್ಳಲು ದಿನಚರಿ ಹುಡುಕಿದೆ. ಏಳು ದಿನಕ್ಕಿಂತ ಹಳೆಯದು ಇರಲಿಲ್ಲ.

ಡಾಕ್ಟ್ರಿಗೆ ಎರಡನೇ ಪತ್ರ ಬರೆದುಕೊಟ್ಟೆ. ಎರಡು ಸಲ ಓದಿದರು. "ಹಾಗಾದರೆ ಯಾರು?"

"ಗೊತ್ತಿಲ್ಲ ಸರ್. ಯಶೋದಾ ಅಲ್ಲ ಅನ್ನೋದಷ್ಟೇ ಗೊತ್ತು."

"ಮೊದಲನೇದ್ರಲ್ಲಿ ಹೊತ್ತು ಬರೆದಿದ್ರಿ. ಇದ್ರಲ್ಲಿ ಆ ಹೊತ್ತು ಸುಳ್ಳು ಅಂತ ಬರೆದಿದ್ದೀರಿ. ನಾನು ಯಾವುದನ್ನ ಇಟ್ಕೊಳ್ಳಿ?" ಅಂದು ಪತ್ರವನ್ನು ಪೇಪರ್‌ವೇಟಿನ ಕೆಳಗೆ ಸರಿಸಿದರು. ಅಲ್ಲಿಂದ ಅದು ಎಲ್ಲಿಗೆ ಹೋಯಿತೋ ತಿಳಿಯದು.

ರುದ್ರೇಶಪ್ಪನವರನ್ನು ನೇರವಾಗಿ ಕೇಳಿದೆ. ಅವರು ನಕ್ಕರು. "ಮೇಡಂ, ನಂಗೆ ಒಂದ್ ಬೆರಳಲ್ಲಿ ಹೆಸರು ಹೊಡಿಯೋಕೆ ಅರ್ಧ ಗಂಟೆ ಬೇಕು. ನಾನು ಮಷೀನ್ ಎಬ್ಬಿಸಿದ್ದು ಖರೆ. ಏನೋ ಒತ್ತು ಅಂತು, ಒತ್ತಿದೆ. ಆಮೇಲೆ ಕೌಂಟರಿಗೆ ಯಾರ್ಯಾರು ಕೂತ್ರೋ ನಂಗೇನು ಗೊತ್ತು?" ಅದೂ ನಿಜವಿರಬಹುದು. ಆ ಬೆಳಗ್ಗೆ ಇನ್ನೂ ಒಬ್ಬಿಬ್ಬರು ಕೆಲಸಕ್ಕಿದ್ದರು.

ಮಲೆಬೆನ್ನೂರಿಗೆ ಹೋದದ್ದು ಆ ಭಾನುವಾರ. ಬಸ್ಸಿನ ಕಿಟಕಿಯಾಚೆ ಭತ್ತ ಕೊಯ್ಲಿಗೆ ಬಂದಿತ್ತು. ಅಲ್ಲಲ್ಲಿ ಕೊಯ್ದ ಗದ್ದೆಗಳಿಂದ ಟ್ರ್ಯಾಕ್ಟರುಗಳು ರಸ್ತೆಗೆ ಮಣ್ಣು ತಂದು ಹಾಕಿದ್ದವು. ಯಶೋದಾ ಮನೆಯ ಮುಂದೆ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನನ್ನು ಕಂಡು ಎದ್ದಳು, ಚಾಪೆ ತಂದು ಹಾಕಿದಳು. "ಕೂಡ್ರಿ ಅಕ್ಕ" ಅಂದಳು. ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಬ್ಯಾಟರಿಯ ಕತೆ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಮಷೀನು ಹಂಗೆ ಹೇಳ್ತೈತೆ ಅಂದ್ರಿ. ಇವತ್ತು ಅದೇ ಮಷೀನು ಹಿಂಗೆ ಹೇಳ್ತೈತೆ ಅಂತ ಬಂದೀರಿ. ನಡುವೆ ನಾನೊಬ್ಬಳು ಬಾಯಿಬಿಟ್ಟು ಹೇಳಿದ್ನಲ್ಲ, ಅದು ಯಾವ ಲೆಕ್ಕಕ್ಕೆ?"

ಮೊರದ ಅಂಚಿಗೆ ಉರುಳಿದ್ದ ಒಂದು ಕಲ್ಲನ್ನು ನಾನು ಆರಿಸಿ ಆಚೆ ಎಸೆದೆ.

"ಐದು ನಿಮಿಷ ಅಂದಿದ್ದೆ. ಐದೂ ಆಗಿರಲಿಲ್ಲ. ಡಬ್ಬಿಯ ಮುಚ್ಚಳ ಕಟ್ಟೆ ಹಿಂದೆ ಬಿದ್ದಿತ್ತು, ಬಗ್ಗಿ ತಗೊಂಡೆ. ಅಷ್ಟೇ." ಮೊರವನ್ನು ಒಮ್ಮೆ ಕೊಡವಿದಳು. "ಗುಂಪಿನ ಜಾಗದಾಗೆ ಅನುಮಾನ ಅಂತ ಇನ್ನೊಂದು ಇಟ್ಟಿದ್ರೆ ಇದೇನೂ ಆಗ್ತಿರಲಿಲ್ಲ. ಹೋಗಲಿ. ಡಾಕ್ಟ್ರು ಏನಂದ್ರು?"

"ಪತ್ರ ಇಟ್ಟುಕೊಂಡಿದ್ದಾರೆ."

"ನನ್ನ ಕರೀತಾರಂತಾ?"

"ಹೇಳಲಿಲ್ಲ."

ಅವಳ ಅತ್ತೆ ಚಹಾ ತಂದುಕೊಟ್ಟರು, ನನ್ನ ಮುಖ ನೋಡದೆ ಒಳಗೆ ಹೋದರು. ಮಾತು ಮುಗಿಯಲಿ ಅಂತಲೋ, ಅವಳಿಗೆ ಪೂರ್ತಿ ನಂಬಿಕೆ ಬರಲಿ ಅಂತಲೋ, ನಾನು ಇನ್ನೊಂದು ಮಾತು ಸೇರಿಸಿದೆ. ಎಫ್ ಒನ್ ಕೀಲಿಯ ಮೇಲೆ ವಿಭೂತಿ ಇತ್ತು, ಅದೊಂದರ ಮೇಲೆ ಮಾತ್ರ. ರುದ್ರೇಶಪ್ಪ ಮರುಪೂಜೆ ಮಾಡಿದ ಬೆರಳಲ್ಲೇ ಒತ್ತಿದ್ದಾರೆ, ಅದೂ ಸಾಕ್ಷಿಯೇ ಅಂದೆ.

ಯಶೋದಾಳ ಕೈ ಆಗ ನಿಂತಿತು.

"ವಿಭೂತಿ ಯಾವಾಗ ನೋಡಿದ್ರಿ ಅಕ್ಕ? ಬರೆದುಕೊಡೋಕ್ ಮುಂಚೆನೋ, ಆಮೇಲೋ?"

"ಆಮೇಲೆ" ಅಂದೆ. ತಡವರಿಸದೆ ಅಂದೆ. "ಕರೆಂಟು ಹೋಗಿತ್ತಲ್ಲ, ಅವತ್ತು. ಒತ್ತುವಾಗ."

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಸ್ಲೈಡಿನ ಮೇಲೆ ಕಾಳು ಕಟ್ಟುತ್ತದೋ ಇಲ್ಲವೋ ಅಂತ ಹೀಗೆಯೇ ನೋಡುತ್ತಿದ್ದಳೇನೋ. ಆಮೇಲೆ, "ಐದಕ್ಕೆ ಒಂದು ಬಸ್ ಐತೆ. ಅದು ತಪ್ಪಿದ್ರೆ ಏಳರ ತನಕ ಇಲ್ಲ" ಅಂದಳು.

ಅವಳನ್ನು ಡಾಕ್ಟ್ರು ಕರೆಯಲಿಲ್ಲ. ಆ ಬೇಸಿಗೆಗೆ ನಾನೂ ಆ ಲ್ಯಾಬು ಬಿಟ್ಟೆ. ಬಿಡುವ ಮೊದಲು ಬ್ಯಾಟರಿ ಬದಲಾಯಿಸಿದೆ. ಗುಂಪಿನ ಜಾಗದಲ್ಲಿ ‘ಮತ್ತೆ ನೋಡಬೇಕು’ ಅನ್ನುವ ಮೂರನೆಯದನ್ನು ಸೇರಿಸಿದೆ, ‘ಹರಿಹರ’ದಿಂದ ತಿದ್ದುವ ಅಧಿಕಾರ ಕಿತ್ತೆ. ಒಟ್ಟು ಒಂದು ಗಂಟೆಯ ಕೆಲಸವೂ ಆಗಿರಲಿಲ್ಲ. ಯಶೋದಾ ಈಗ ಏನು ಮಾಡುತ್ತಿದ್ದಾಳೆ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಹೋಗಿ ನೋಡಿಲ್ಲ.

ಹರಿಹರದ ಆ ಲ್ಯಾಬಿನಲ್ಲಿ ತೋಳು ಮಡಚಿ ಹತ್ತಿ ಒತ್ತಿಕೊಂಡು ಕೂತಾಗ ನೆನಪಾದದ್ದು ಇದು. ಹಬ್ಬ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ, ಮೊಣಕೈ ತರಚಿಕೊಂಡು ಬಂದ ಅದೇ ದಿನ, ಗಾಯಕ್ಕೆ ಅಂತ ಹತ್ತಿ, ಸ್ಪಿರಿಟ್ ತಗೊಂಡು ನಾನು ಅಡುಗೆಮನೆಗೆ ಹೋಗಿದ್ದೆ. ಗಾಯ ಒರೆಸಿದ ಮೇಲೆ ಇನ್ನೊಂದು ಹತ್ತಿಯಲ್ಲಿ ಕೀಬೋರ್ಡನ್ನೂ ಒರೆಸಿದೆ. ಅಂಚಿನ ಕುಂಕುಮ ಹತ್ತಿಗೆ ಹತ್ತಿತು. ಹತ್ತಿಯ ಇನ್ನೊಂದು ಕಡೆ ಬೂದಿ ಬಣ್ಣ ಇತ್ತು. ಅದು ಕಣ್ಣಿಗೆ ಕಟ್ಟಿದ ಹಾಗಿದೆ, ಒಂದು ಕಡೆ ಕೆಂಪು, ಒಂದು ಕಡೆ ಬೂದಿ.

ಇದು ನಿಜವಾದರೆ, ಒಂದು ತಿಂಗಳ ಮೇಲೆ ಕರೆಂಟು ಹೋದ ದಿನ ಎಫ್ ಒನ್ ಮೇಲೆ ವಿಭೂತಿ ಉಳಿದಿರಲು ಸಾಧ್ಯವಿಲ್ಲ. ನಾನು ನೋಡಿದ್ದು ಆ ಮೊದಲ ದಿನವೇ ಆಗಬೇಕು, ಪತ್ರ ಕೊಡುವ ಐದಾರು ದಿನ ಮೊದಲು. ಸರ್ವರ್ ಏಳುವಾಗ ಎಫ್ ಒನ್ ಒತ್ತಬೇಕಾಗಿ ಬಂದಿದೆ ಅಂದರೆ ಅದರ ಗಡಿಯಾರವನ್ನು ನಂಬಬಾರದು. ಈ ಕೆಲಸದಲ್ಲಿರುವ ಯಾರಿಗಾದರೂ ಗೊತ್ತಿರುವ ಮಾತು, ನನಗೂ ಗೊತ್ತಿತ್ತು. ಹತ್ತಿಯ ನೆನಪು ಸುಳ್ಳಾದರೆ, ಅವಳಿಗೆ ಹೇಳಿದ್ದು ನಿಜ. ಮಳೆಯನ್ನು ತಂದು ಸೇರಿಸಿದವಳು ಹತ್ತಿಯನ್ನೂ ಸೇರಿಸಿರಬಹುದು. ಅಥವಾ ಕರೆಂಟು ಹೋದ ದಿನದ ವಿಭೂತಿಯನ್ನು ಸೇರಿಸಿರಬಹುದು.

ಹೊತ್ತು ಬರೆದುಕೊಂಡಿದ್ದ ಆ ಚೀಟಿ ಎಲ್ಲಾದರೂ ಇರಬೇಕು ಅಂತ ಮನೆಗೆ ಬಂದು ಹುಡುಕಿದೆ. ಸಿಕ್ಕಲಿಲ್ಲ. ಸಿಕ್ಕಿದ್ದರೂ ಅದರಲ್ಲಿ ಸರ್ವರಿನ ಹೊತ್ತು ಇರುತ್ತಿತ್ತೇ ಹೊರತು ನನ್ನದಲ್ಲ.

ಆ ಗುಂಪನ್ನು ತಿದ್ದಿದವರು ಯಾರು ಅಂತ ನನಗೆ ಗೊತ್ತಿಲ್ಲ. ಪತ್ರಕ್ಕೆ ಸಹಿ ಹಾಕುವಾಗ ಆ ವಿಭೂತಿಯನ್ನು ನಾನು ಆಗಲೇ ನೋಡಿದ್ದೆನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.